ಸಭೆ ನಿದ್ದೆ ಹೋದ ಮಧ್ಯಾಹ್ನ

ಮೆಲ್ಲಕ್ಕ ಎಂಬುದು ಅವಳಿಗೆ ಹೆತ್ತವರು ಇಟ್ಟ ಹೆಸರಲ್ಲ, ವಾರ್ಡು ಕೊಟ್ಟದ್ದು. ಹೆತ್ತವರು ಇಟ್ಟ ಹೆಸರು ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಮಾತ್ರ ಉಳಿದುಕೊಂಡಿತ್ತು. ಅದನ್ನು ಯಾರಾದರೂ ಕೂಗಿದರೆ ಅವಳೇ ಹಿಂದೆ ತಿರುಗಿ, ಯಾರನ್ನಪ್ಪ ಕರೆಯುತ್ತಿದ್ದಾರೆ ಎಂದು ನೋಡುವಳು. ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರ ಬಾಯಲ್ಲೂ ಮೆಲ್ಲಕ್ಕನೇ. ಮೆಲ್ಲಗೆ ನಡೆಯುವಳು, ಮೆಲ್ಲಗೆ ಮಾತಾಡುವಳು, ಬಾಗಿಲನ್ನು ಮಗುವಿನ ಕಣ್ಣು ಮುಚ್ಚಿದ ಹಾಗೆ ಮುಚ್ಚುವಳು. ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ, ಬೆಳಿಗ್ಗೆ ಎದ್ದರೆ ಹೊದಿಕೆ ಮಾತ್ರ ಸರಿಯಾಗಿರುತ್ತೆ ಎಂದು ರೋಗಿಗಳು ಹೇಳುತ್ತಿದ್ದರು.

ಹಾಗೆಂದು ಅವಳು ಹುಟ್ಟಾ ಸಾಧುಪ್ರಾಣಿಯೇನಲ್ಲ. ಸಣ್ಣವಳಿದ್ದಾಗ ಅವಳು ತಮ್ಮನನ್ನು ಊಟಕ್ಕೆ ಕರೆದರೆ ಬೀದಿಯ ಮಕ್ಕಳೆಲ್ಲ ಮನೆಗೆ ಓಡುತ್ತಿದ್ದವು. ಆ ಗಂಟಲು ಹೊತ್ತುಕೊಂಡೇ ನರ್ಸಿಂಗ್ ಕಲಿಯಲು ಬಂದಳು, ಕಲಿತು ಕೆಲಸಕ್ಕೂ ಸೇರಿದಳು. ಆಗ ವಾರ್ಡಿನಲ್ಲಿ ಒಂದು ಪದ್ಧತಿಯಿತ್ತು. ಬೆಳಗಿನ ಪಾಳಿಯವರು ಬರುವಷ್ಟರಲ್ಲಿ ಎಲ್ಲರ ಜ್ವರ ನೋಡಿ ಬರೆದು ಮುಗಿಸಿರಬೇಕು. ಅದಕ್ಕಾಗಿ ಬೆಳಕು ಹರಿಯುವ ಮೊದಲೇ ದೀಪ ಹಾಕಿ, ಮಲಗಿದವರನ್ನೆಲ್ಲ ಎಬ್ಬಿಸಿ, ಬಾಯಿಗೆ ಥರ್ಮಾಮೀಟರ್ ತುರುಕುವುದು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ಹಾಗೆಯೇ, ಗೋಡೆಗೆ ಮೊಳೆ ಯಾಕೆ ಹೊಡೆದಿದ್ದಾರೆಂದು ಕೇಳದೆ ಎಲ್ಲರೂ ಅದಕ್ಕೇ ಏನಾದರೂ ನೇತುಹಾಕುತ್ತಾರೆ.

ಅಲ್ಲೊಬ್ಬ ಮುದುಕ ಲಾರಿ ಡ್ರೈವರ್ ಇದ್ದ. ಸೊಂಟ ಮುರಿದುಕೊಂಡು ಬಂದವನು, ನೋವಿಗೆ ದಿನಗಟ್ಟಲೆ ಕಣ್ಣು ಮುಚ್ಚಿರಲಿಲ್ಲ. ಒಂದು ಮುಂಜಾನೆ ಹೇಗೋ ನಿದ್ದೆ ಹತ್ತಿತ್ತು. ನಮ್ಮ ಮೆಲ್ಲಕ್ಕ, ಆಗಿನ್ನೂ ಮೆಲ್ಲಕ್ಕನಾಗದವಳು, ಅವನ ಭುಜ ಅಲುಗಾಡಿಸಿ ಎಬ್ಬಿಸಿದಳು. ಅವನು ಕಣ್ಣು ಬಿಟ್ಟು, ಸಿಟ್ಟಿಲ್ಲದೆ ಹೇಳಿದ:

"ತಾಯಿ, ಈಗ ತಾನೇ ಮನೆ ಬಾಗಿಲಿಗೆ ಬಂದಿದ್ದೆ. ಚಿಲಕಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ನೀನು ಕರೆದೆ."

ಜ್ವರ ಇರಲಿಲ್ಲ. ಅವಳು ಬರೆದುಕೊಂಡಳು. ಆಮೇಲೆ ಅವನಿಗೆ ಅಂಥ ನಿದ್ದೆ ಬರಲಿಲ್ಲ, ಕೆಲವು ದಿನಗಳಲ್ಲಿ ತೀರಿಕೊಂಡ, ಮನೆಗೂ ಹೋಗಲಿಲ್ಲ. ಅವನು ಸತ್ತದ್ದು ನಿದ್ದೆಗೆಟ್ಟು ಅಂತಲ್ಲ, ಅಷ್ಟು ಅವಳಿಗೂ ಗೊತ್ತು. ಆದರೆ ಆ ಚಿಲಕ ಅವಳ ಮನಸ್ಸಿನಲ್ಲಿ ಸಿಕ್ಕಿಕೊಂಡಿತು. ಅವತ್ತಿನಿಂದ ಅವಳ ಗಂಟಲು ಇಳಿಯತೊಡಗಿತು.

ಅದೇ ಕಾಲಕ್ಕೆ ಆಸ್ಪತ್ರೆಯ ಬಟ್ಟೆ ಮಡಿಸುವ ಕೋಣೆಯಲ್ಲಿ, ಒಗೆದ ಚಾದರಗಳ ಬೆಚ್ಚನೆ ವಾಸನೆಯ ನಡುವೆ, ಕೆಲವು ನರ್ಸುಗಳು ಕೂಡಿ ಒಂದು ಸಂಘ ಕಟ್ಟಿದರು. ಶುಶ್ರೂಷಾ ವಿಜ್ಞಾನ ಸಂಘ. ಹೆಸರು ಕೇಳಿ ಡಾಕ್ಟರುಗಳು ಮೀಸೆಯಡಿ ನಕ್ಕರು. ಚಾದರ ಬದಲಾಯಿಸುವುದರಲ್ಲಿ ಎಂಥ ವಿಜ್ಞಾನ ಎಂದರು. ಸಂಘದವರು ಅದಕ್ಕೆ ಸೊಪ್ಪು ಹಾಕಲಿಲ್ಲ. ತಮ್ಮ ಧ್ಯೇಯವನ್ನು ಒಂದು ಹಲಗೆಯ ಮೇಲೆ ಬರೆಸಿದರು: 'ಆರೈಕೆಯನ್ನು ಅರಿತು ಮಾಡುವುದು; ಅರಿತದ್ದನ್ನು ಎಲ್ಲರಿಗೂ ಹಂಚುವುದು.' ಹಾಗೆಂದರೆ, ಹಿಂದಿನಿಂದ ಬಂದಿದೆ ಅಂತ ಮಾಡಬೇಡಿ, ನೋಡಿ, ಅಳೆದು, ಸರಿ ಅನ್ನಿಸಿದ ಮೇಲೆ ಮಾಡಿ ಎಂದು. ಮೆಲ್ಲಕ್ಕ ಆ ಹಲಗೆಯನ್ನು ನೋಡಿದವಳು, ಇದು ನನಗೇ ಹೇಳಿದ ಮಾತು ಎಂದುಕೊಂಡು ಸಂಘ ಸೇರಿದಳು.

ಮುಂದೆ ಅವಳು ಹಿಡಿದ ಪಟ್ಟು ನಿದ್ದೆಯದು. ಮಲಗಿದ ರೋಗಿಯನ್ನು ಎಬ್ಬಿಸುವುದು ಏನು ಎಂದು ವರ್ಷಗಟ್ಟಲೆ ಮಂಚಗಳ ನಡುವೆ ಕೂತು ನೋಡಿದಳು. ನೋವು ಎಬ್ಬಿಸುತ್ತದೆ, ಕೆಮ್ಮು ಎಬ್ಬಿಸುತ್ತದೆ, ಅದು ಗೊತ್ತಿದ್ದದ್ದೇ. ಆದರೆ ಅದಕ್ಕಿಂತ ಹೆಚ್ಚಾಗಿ ಎಬ್ಬಿಸುತ್ತಿದ್ದದ್ದು ನರ್ಸುಗಳ ಚಪ್ಪಲಿ, ಸ್ಟೀಲ್ ಟ್ರೇ, ಬೀಗದ ಕೈ ಗೊಂಚಲು, ಎಣ್ಣೆ ಕಾಣದ ಗಾಡಿಯ ಚಕ್ರ, ಮತ್ತೆ ಬಿಪಿ ನೋಡುವ ಪಟ್ಟಿಯನ್ನು ಬಿಚ್ಚುವಾಗ ಚರ್ರೆನ್ನುವ ಸದ್ದು. ಅವಳ ಗಂಡ ದರ್ಜಿ. ಹೆಂಡತಿ ಹೇಳಿದ್ದಕ್ಕೆಲ್ಲ ಅಳತೆ ಹಿಡಿಯುವವನು. ಟ್ರೇಗೆ ದಪ್ಪ ಬಟ್ಟೆಯ ಹಾಸು ಹೊಲಿದ, ಬೀಗದ ಕೈಗಳಿಗೆ ಚೀಲ ಹೊಲಿದ, ಹಳೆಯ ಕೋಟಿನ ಉಣ್ಣೆ ಬಟ್ಟೆ ಕತ್ತರಿಸಿ ಚಪ್ಪಲಿಗೆ ಅಟ್ಟೆ ಹೊಲಿದುಕೊಟ್ಟ. ವಾರ್ಡಿನಲ್ಲಿ ಮೊದಮೊದಲು ಎಲ್ಲರೂ ಮೂಗು ಮುರಿದರು.

"ನಾವೇನು ಕಳ್ಳರಾ ಅಕ್ಕ, ಕಾಲು ಸದ್ದಾಗದ ಹಾಗೆ ಓಡಾಡೋಕೆ?" ಎಂದು ಒಬ್ಬಳು ಕೇಳಿದ್ದಳು.

"ಕಳ್ಳರೇ ಕಣೆ. ದಿನಾ ಅವರ ನಿದ್ದೆ ಕದೀತಿದ್ವಲ್ಲ, ಈಗ ವಾಪಸ್ ಇಡೋಣ," ಎಂದಿದ್ದಳು ಮೆಲ್ಲಕ್ಕ.

ಬರಬರುತ್ತ ಆ ವಾರ್ಡಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಒಂದು ನಿಶ್ಶಬ್ದ ವೇಳೆ ಬಂತು. ಪರದೆ ಎಳೆದು, ಫ್ಯಾನ್ ಸಣ್ಣಗೆ ಮಾಡಿ, ಅಷ್ಟು ಹೊತ್ತು ಯಾರೂ ಯಾರನ್ನೂ ಮುಟ್ಟುವಂತಿಲ್ಲ. ಆ ಹೊತ್ತಿನಲ್ಲಿ ವಾರ್ಡಿಗೆ ಕಾಲಿಟ್ಟರೆ ನೀರಿನೊಳಗೆ ನಡೆದಂತೆ ಆಗುತ್ತಿತ್ತು. ಕಿಟಕಿಯ ಪರದೆ ಉಬ್ಬಿ ಇಳಿಯುವುದು, ಮಂಚಗಳ ಮೇಲಿನ ಎದೆಗಳು ಏರಿ ಇಳಿಯುವುದು, ಎರಡೂ ಒಂದೇ ತಾಳಕ್ಕೆ. ಮೆಲ್ಲಕ್ಕ ನಡುವೆ ನಿಂತು, ಇವರೆಲ್ಲ ಈಗ ಯಾವ ಯಾವ ಮನೆಯ ಚಿಲಕ ತೆಗೆಯುತ್ತಿದ್ದಾರೋ ಎಂದುಕೊಳ್ಳುವಳು. ಅವಳ ಬದುಕಿನ ಸುಖವೆಲ್ಲ ಆ ಹೊತ್ತಿನಲ್ಲಿತ್ತು ಎಂದರೆ ತಪ್ಪಿಲ್ಲ.

ಇಂಥವಳನ್ನು, ಅಷ್ಟರಲ್ಲಿ ಬೇರೆ ಆಸ್ಪತ್ರೆಗಳಿಗೂ ಹಬ್ಬಿದ್ದ ಸಂಘದವರು ಈ ಸಲ ಅಧ್ಯಕ್ಷೆ ಮಾಡಿದರು. ಹೊಸ ಅಧ್ಯಕ್ಷೆ ವಾರ್ಷಿಕ ಸಭೆಯಲ್ಲಿ ನಿಂತು, ತನ್ನ ಅವಧಿಯಲ್ಲಿ ಸಂಘ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು, ಯಾವುದು ಎರಡನೆಯದು, ಯಾವುದು ಆಮೇಲೆ ಎಂದು ಹೇಳಬೇಕು. ಸಭೆ ಕೈ ಎತ್ತಿ ಒಪ್ಪಬೇಕು. ಮೆಲ್ಲಕ್ಕನ ಮೊದಲನೆಯದು ಏನೆಂದು ಕೇಳಬೇಕಾಗಿಯೇ ಇರಲಿಲ್ಲ. ರೋಗಿಗಳ ನಿದ್ದೆ. ಎಲ್ಲ ಆಸ್ಪತ್ರೆಗಳಲ್ಲೂ ನಿಶ್ಶಬ್ದ ವೇಳೆ.

ಅದಕ್ಕೆ ಎದುರಾಗಿ ನಿಂತವಳು ಕಾರ್ಯದರ್ಶಿ ಗಂಟೆಯಮ್ಮ. ನಿವೃತ್ತ ಮೇಟ್ರನ್. ಮೇಜಿನ ಮೇಲೆ ಹಿತ್ತಾಳೆಯ ಕೈಗಂಟೆ ಇಟ್ಟುಕೊಂಡು, ಸಭೆಯಲ್ಲಿ ಯಾರಾದರೂ ಪಿಟಕ್ ಎಂದರೂ ಬಾರಿಸುವವಳು. ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿ ನರ್ಸುಗಳಿಗೆ ಒಂದು ಕುರ್ಚಿ ಬೇಕು, ಅದೇ ಮೊದಲನೆಯದು ಎಂಬುದು ಅವಳ ಹಟ. "ಮೆಲ್ಲಕ್ಕ, ನೀವು ಬಾಗಿಲು ಮೆಲ್ಲಗೆ ಹಾಕೋದು ಕಲಿಸ್ತೀರಿ. ನನಗೆ ಬಾಗಿಲು ತೆಗೆಸ್ಬೇಕು," ಎನ್ನುತ್ತಿದ್ದಳು. ಮಾತು ಸುಳ್ಳಲ್ಲ ಎಂದು ಮೆಲ್ಲಕ್ಕನಿಗೂ ಗೊತ್ತಿತ್ತು.

ಆದರೆ ಅವಳ ನಿದ್ದೆ ಕೆಡಿಸಿದ್ದು ಗಂಟೆಯಮ್ಮನಲ್ಲ, ಸ್ವಂತ ಮಗಳು.

ಮಗಳೂ ನರ್ಸು. ತಾಯಿಯನ್ನು ನೋಡಿ ನೋಡಿಯೇ ಆದದ್ದು. ಬೇರೊಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲಸ, ವಾರಗಟ್ಟಲೆ ನೈಟ್ ಡ್ಯೂಟಿ. ತಾಯಿ ಬೆಳಿಗ್ಗೆ ಹೊರಡುವಾಗ ಮಗಳು ಬರುವಳು. ಹೊಸ್ತಿಲಲ್ಲಿ ಇಬ್ಬರೂ ಪಾಳಿ ಬದಲಾಯಿಸುವವರಂತೆ ಎರಡು ಮಾತಾಡಿ ಬೇರೆಯಾಗುವರು. ಮಗಳು ಮಲಗಲೆಂದು ದರ್ಜಿ ತನ್ನ ಮಿಷನ್ನನ್ನು ಹೊರಗಿನ ಜಗಲಿಗೆ ಒಯ್ದಿದ್ದ. ಆದರೂ ಹಗಲು ಹಗಲೇ. ಬೀದಿಯ ಹಾರ್ನು, ಬಾಗಿಲು ತಟ್ಟುವವರು, ಪರದೆಯ ಸಂದಿಯಿಂದ ಕಣ್ಣಿಗೆ ಹೊಡೆಯುವ ಬಿಸಿಲು. ಸಭೆಗೆ ಕೆಲವು ದಿನ ಮೊದಲು ಅವಳು ಹೊಸ್ತಿಲಲ್ಲೇ ನಿಂತು ಹೇಳಿದ್ದಳು:

"ಅಮ್ಮ, ನಾನು ಕೆಲಸ ಬಿಡ್ತೀನಿ. ಈ ಆಸ್ಪತ್ರೆ ಅಂತಲ್ಲ, ನರ್ಸ್ ಕೆಲಸಾನೇ ಬಿಡ್ತೀನಿ."

ಮೆಲ್ಲಕ್ಕ ಹೆಗಲಿನ ಚೀಲ ಇಳಿಸಿದಳು. "ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲ. ಮೊನ್ನೆ ಒಬ್ಬರ ಸಿರಿಂಜ್ ಇನ್ನೊಬ್ಬರ ಮಂಚಕ್ಕೆ ತಗೊಂಡು ಹೋಗಿದ್ದೆ. ಸೂಜಿ ಚುಚ್ಚೋಕೆ ಮೊದಲು ಹೆಸರು ನೋಡ್ದೆ, ಪುಣ್ಯ. ನಿಂತಲ್ಲೇ ನಿದ್ದೆ ಬಂದಿತ್ತು, ಕಣ್ಣು ಬಿಟ್ಕೊಂಡೇ. ಒಂದಲ್ಲ ಒಂದು ದಿನ ನನ್ನ ಕೈ ತಪ್ಪತ್ತೆ. ಅದಕ್ಕೆ ಮೊದಲು ಬಿಡ್ತೀನಿ."

"ಸಂಘದಲ್ಲಿ ಈ ಸಲ ನಿದ್ದೆ ವಿಷಯಾನೇ ಮೊದಲು ತಗೋತಿದೀವಲ್ಲ."

"ಯಾರ ನಿದ್ದೆ ಅಮ್ಮ?"

"ರೋಗಿಗಳು ನಿದ್ದೆ ಮಾಡಿದ್ರೆ ನಿಮ್ಮ ಕೆಲಸಾನೂ ಹಗುರ ಆಗತ್ತೆ," ಎಂದಳು ಮೆಲ್ಲಕ್ಕ. ಹೇಳಿದ ಮೇಲೆ ಅದು ಎಷ್ಟು ಬಡ ಉತ್ತರ ಎಂದು ಅವಳಿಗೇ ಅನ್ನಿಸಿತು. ಮಗಳು, ಸಭೆಗೆ ಬರುತ್ತೇನೆ, ಅದೇ ಕೊನೆಯ ಸಲ ಎಂದಷ್ಟೇ ಹೇಳಿ ಒಳಗೆ ಹೋಗಿ ಪರದೆ ಎಳೆದುಕೊಂಡಳು.

ಸಭೆ ಗ್ರಂಥಾಲಯದ ಮಹಡಿಯ ಹಾಲಿನಲ್ಲಿ. ಎತ್ತರದ ಕಿಟಕಿಗಳು, ಹಸಿರು ಪರದೆಗಳು, ಮೆತ್ತನೆ ಕುರ್ಚಿಗಳು, ತಲೆಯ ಮೇಲೆ ಸೋಮಾರಿ ಫ್ಯಾನುಗಳು. ಬೆಳಿಗ್ಗೆಯೆಲ್ಲ ವರದಿ ಓದುವುದು, ಹೊಸಬರನ್ನು ಸೇರಿಸಿಕೊಳ್ಳುವುದು. ಊಟದ ಮೇಲೆ ಅಧ್ಯಕ್ಷೆಯ ಮಾತು. ಹಾಲು ಸಂಜೆಯವರೆಗೆ ಮಾತ್ರ ಇವರದು. ಆಮೇಲೆ ಕಾವಲುಗಾರ ಬಂದು ಬೀಗ ಹಾಕುತ್ತಾನೆ.

ಮೆಲ್ಲಕ್ಕ ಮೈಕಿನ ಮುಂದೆ ನಿಂತಳು. ಮೈಕನ್ನು ಕಂಡರೆ ಅವಳಿಗೆ ಆಗದು. ತನ್ನ ದನಿ ಅಷ್ಟು ದೊಡ್ಡದಾಗಿ ವಾಪಸ್ಸು ಬಂದರೆ ಯಾರೋ ಎಚ್ಚರಾಗುತ್ತಾರೆಂಬ ಭಯ. ಹಾಗಾಗಿ ಇನ್ನಷ್ಟು ಮೆಲ್ಲಗೆ ಶುರು ಮಾಡಿದಳು. ಸಂಘದ ಧ್ಯೇಯ ಹೇಳಿದಳು. ಮುಂದಾಳು ಎಂದರೆ ಮುಂದೆ ನಿಲ್ಲುವವಳಲ್ಲ, ಎಲ್ಲರಿಗಿಂತ ಕೊನೆಗೆ ಮಲಗುವವಳು ಎಂದಳು. ಲಾರಿ ಡ್ರೈವರನ ಚಿಲಕದ ಕಥೆ ಹೇಳಿದಳು. ಮಧ್ಯಾಹ್ನದ ವಾರ್ಡು ಹೇಗಿರುತ್ತದೆ, ಪರದೆ ಹೇಗೆ ಉಬ್ಬುತ್ತದೆ, ಉಸಿರು ಹೇಗೆ ಏರಿಳಿಯುತ್ತದೆ ಎಂದು ಹೇಳುತ್ತ ಹೇಳುತ್ತ ತಾನೇ ಅಲ್ಲಿಗೆ ಹೋಗಿಬಿಟ್ಟಳು. ಮುಂದೆ ಕೂತವರು ತಲೆದೂಗುತ್ತಿದ್ದರು. ಎಷ್ಟು ಮನಸ್ಸಿಟ್ಟು ಕೇಳುತ್ತಿದ್ದಾರೆ ಎಂದು ಅವಳಿಗೆ ಸಂತೋಷವಾಯಿತು. ಆಮೇಲೆ ನೋಡಿದರೆ ತೂಗಿದ ತಲೆಗಳು ಮೇಲಕ್ಕೆ ಬರಲೇ ಇಲ್ಲ.

ನಿದ್ದೆ ಹಿಂದಿನ ಸಾಲಿನಿಂದ ಬಂದಿತ್ತು. ಒಬ್ಬಳ ತಲೆ ಪಕ್ಕದವಳ ಭುಜಕ್ಕೆ, ಪಕ್ಕದವಳ ತಲೆ ಕುರ್ಚಿಯ ಬೆನ್ನಿಗೆ. ಯಾರದೋ ಬಾಯಿ ತೆರೆದಿತ್ತು, ಯಾರದೋ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಮೂಲೆಯಿಂದ ಒಂದು ಸಣ್ಣ ಗೊರಕೆ, ಅದಕ್ಕೆ ಇನ್ನೊಂದು ಮೂಲೆಯಿಂದ ಉತ್ತರ. ಎಚ್ಚರವಿದ್ದ ಕೆಲವರು ಮುಖ ಮುಖ ನೋಡಿಕೊಂಡು ನಗು ತಡೆಯುತ್ತಿದ್ದರು. ನಿದ್ದೆಯ ಬಗ್ಗೆ ಇದಕ್ಕಿಂತ ಯಶಸ್ವಿಯಾದ ಭಾಷಣ ಲೋಕದಲ್ಲಿ ಆಗಿರಲಾರದು.

ಗಂಟೆಯಮ್ಮ ಕೆಂಪಾದಳು. ಕೈ ಗಂಟೆಗೆ ಹೋಯಿತು. ಅವಳು ಎತ್ತುವಷ್ಟರಲ್ಲಿ ಮೆಲ್ಲಕ್ಕ ಬಗ್ಗಿ, ಗಂಟೆಯೊಳಗೆ ಎರಡು ಬೆರಳು ಹಾಕಿ ಅದರ ನಾಲಿಗೆ ಹಿಡಿದುಕೊಂಡಳು.

"ಬೇಡ ಮೇಡಂ."

"ಏನು ಬೇಡ? ಅಧ್ಯಕ್ಷರು ಮಾತಾಡ್ತಿದ್ರೆ ಗೊರಕೆ ಹೊಡೀತಾರಲ್ಲ ಇವರು. ಕೈ ಎತ್ತೋರು ಯಾರು?"

ಮೆಲ್ಲಕ್ಕ ಮೈಕಿನ ಗುಂಡಿ ಆರಿಸಿದಳು. ವೇದಿಕೆ ಇಳಿದಳು. ಅವಳ ಕಾಲು ಅವಳನ್ನು ಕೇಳದೆಯೇ ವಾರ್ಡಿನ ಸುತ್ತು ಹೊರಟಿತ್ತು. ಬಿಸಿಲು ಬೀಳುತ್ತಿದ್ದ ಕಡೆ ಪರದೆ ಎಳೆದಳು. ಒಬ್ಬಳ ಕನ್ನಡಕ ತೆಗೆದು ಮಡಿಲಲ್ಲಿಟ್ಟಳು, ಇನ್ನೊಬ್ಬಳ ಕೈಯಿಂದ ಜಾರುತ್ತಿದ್ದ ನೀರಿನ ಬಾಟಲಿ ಹಿಡಿದು ನೆಲದ ಮೇಲಿಟ್ಟಳು. ಹಾಲಿಗೆ ಹಸಿರು ಮಬ್ಬು ಕವಿಯಿತು. ಕೊಳದ ತಳದಲ್ಲಿ ನಡೆಯುತ್ತಿದ್ದೇನೆ ಅನ್ನಿಸಿತು ಅವಳಿಗೆ. ಮುಖಗಳೆಲ್ಲ ತೇಲುತ್ತಿವೆ, ಎಲ್ಲವೂ ಗುರುತಿನವು, ಆದರೆ ಒಂದನ್ನೂ ಹೀಗೆ ಕಣ್ಣು ಮುಚ್ಚಿದಾಗ ಅವಳು ನೋಡಿರಲಿಲ್ಲ. ಎಚ್ಚರದಲ್ಲಿ ಎಲ್ಲರೂ ಗಟ್ಟಿಗಿತ್ತಿಯರು. ಮಲಗಿದಾಗ ಮುಖದ ದಣಿವೆಲ್ಲ ಮೇಲೆ ಬಂದಿತ್ತು.

ಮೂರನೆಯ ಸಾಲಿನ ತುದಿಯಲ್ಲಿ ಮಗಳಿದ್ದಳು. ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಕಣ್ಣಿನ ಕೆಳಗೆ ಕಪ್ಪು. ಅಂಗೈ ಸ್ವಲ್ಪ ಮುಚ್ಚಿಕೊಂಡಿತ್ತು, ಏನನ್ನೋ ಬೀಳಿಸದ ಹಾಗೆ ಹಿಡಿದವಳಂತೆ. ಮಗುವಾಗಿದ್ದಾಗಲೂ ಅವಳು ಹೀಗೇ ಮಲಗುತ್ತಿದ್ದಳು ಎಂದು ಮೆಲ್ಲಕ್ಕನಿಗೆ ನೆನಪಾಗಬೇಕಿತ್ತು, ಆಗಲಿಲ್ಲ. ಆ ವರ್ಷಗಳಲ್ಲಿ ಅವಳನ್ನು ಮಲಗಿಸುತ್ತಿದ್ದವನು ದರ್ಜಿ. ಲೋಕದ ಮಕ್ಕಳಿಗೆಲ್ಲ ಹೊದಿಕೆ ಸರಿಮಾಡಿದ ಕೈಗೆ ಈ ಒಂದು ಮುಖ ಹೊಸದಾಗಿತ್ತು. ಮೆಲ್ಲಕ್ಕನಿಗೆ ಅಳು ಬಂತು. ಅಳುವುದನ್ನೂ ಸದ್ದಿಲ್ಲದೆ ಮಾಡಲು ಅವಳಿಗೆ ಬರುತ್ತಿತ್ತು. ತನ್ನ ಶಾಲು ತೆಗೆದು ಮಗಳಿಗೆ ಹೊದಿಸಿ, ವೇದಿಕೆಗೆ ವಾಪಸ್ಸು ಬಂದಳು.

"ಮೇಡಂ, ಮಲಗಿರೋರೆಲ್ಲ ಯಾರು ಗೊತ್ತಾ? ಎಲ್ಲ ನೈಟ್ ಡ್ಯೂಟಿ ಮುಗಿಸಿ ಬಂದೋರು. ಸಭೆನ ಇಂಥ ಹೊತ್ತಿಗೆ ಯಾಕೆ ಇಟ್ವಿ?"

ಗಂಟೆಯಮ್ಮನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಯಾವಾಗಲೂ ಹಗಲು ಹೊತ್ತೇ ಅಲ್ವಾ ಇಡೋದು. ನೈಟ್ ಡ್ಯೂಟಿಯೋರು ಹಗಲು ಫ್ರೀ ಇರ್ತಾರಲ್ಲ. ಈ ಸಲ ನೀವೇ ಗೊತ್ತು ಮಾಡಿದ್ರಿ."

ಹೌದು, ಅವಳೇ ಗೊತ್ತು ಮಾಡಿದ್ದಳು. ಫ್ರೀ ಇರುತ್ತಾರೆ ಎಂಬ ಮಾತನ್ನು ಅವಳೂ ಆಡಿದ್ದಳು. ನಿದ್ದೆಯ ಬಗ್ಗೆ ಮಾತಾಡುವುದಕ್ಕೆ, ಮಲಗಬೇಕಾದವರನ್ನೆಲ್ಲ ಎಬ್ಬಿಸಿ ಕರೆಸಿದ್ದಳು. ಬೆಳಕು ಹರಿಯುವ ಮೊದಲು ದೀಪ ಹಾಕಿ ಥರ್ಮಾಮೀಟರ್ ತುರುಕಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಮಲಗಿದವರ ಉಸಿರು ಎಣಿಸುತ್ತ ಕೂತವಳು, ಪಕ್ಕದಲ್ಲಿ ನಿಂತೇ ತೂಕಡಿಸುತ್ತಿದ್ದವರನ್ನು ಒಮ್ಮೆಯೂ ಎಣಿಸಿರಲಿಲ್ಲ.

"ಎಬ್ಬಿಸಬೇಡಿ ಮೇಡಂ. ತಾವಾಗೇ ಏಳಲಿ."

"ಹಾಲು ಬಿಟ್ಕೊಡಬೇಕಲ್ರೀ. ಅಷ್ಟರೊಳಗೆ ಕೈ ಎತ್ತಿಸದಿದ್ರೆ ನಿಮ್ಮದೂ ಇಲ್ಲ, ನನ್ನದೂ ಇಲ್ಲ. ಇಡೀ ವರ್ಷ ಹೋಯ್ತು."

"ಹೋಗಲಿ."

ಗಂಟೆಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ವರ್ಷಗಟ್ಟಲೆ ಈ ಒಂದು ದಿನಕ್ಕೆ ಕಾದವಳು ಹೋಗಲಿ ಎನ್ನುತ್ತಿದ್ದಾಳೆ. ಗಂಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಕೂತಳು. ಕಾಲ ಜಾರಿತು. ಕಾವಲುಗಾರ ಬೀಗದ ಕೈ ಝಣಝಣಿಸುತ್ತ ಮೆಟ್ಟಿಲು ಹತ್ತಿ ಬಂದಾಗ ಮೆಲ್ಲಕ್ಕ ಬಾಗಿಲಲ್ಲೇ ಎದುರಾಗಿ, ಅವನ ಗೊಂಚಲನ್ನು ಕರವಸ್ತ್ರದಲ್ಲಿ ಸುತ್ತಿ ಅವನ ಕೈಗೇ ಕೊಟ್ಟಳು. ಅವನು ಒಳಗೆ ಇಣುಕಿದ. "ಏನಮ್ಮ ಇದು, ಎಲ್ಲರಿಗೂ ಏನಾದ್ರೂ ಆಯ್ತಾ?" ಎಂದು ಪಿಸುಗುಟ್ಟಿದ.

"ಏನೂ ಆಗಿಲ್ಲ ಅಣ್ಣ, ನಿದ್ದೆ ಮಾಡ್ತಿದಾರೆ. ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದೋರು."

ಅವನೂ ರಾತ್ರಿ ಕಾಯುವವನೇ. ಹೆಚ್ಚು ಕೇಳಲಿಲ್ಲ. ಕೆಳಗಿನ ಕೋಣೆಗಳ ಕಿಟಕಿ ಹಾಕಿ ಬರುತ್ತೇನೆ, ಅಷ್ಟು ಹೊತ್ತು ಇರಲಿ ಎಂದು ತುದಿಗಾಲಲ್ಲಿ ಇಳಿದುಹೋದ. ಮೆಲ್ಲಕ್ಕ ತಿರುಗಿ ನೋಡಿದರೆ ವೇದಿಕೆಯ ಮೇಲೆ ಗಂಟೆಯಮ್ಮ, ಗಂಟೆಯ ಮೇಲೆ ಕೈಯಿಟ್ಟುಕೊಂಡೇ, ಗದ್ದ ಎದೆಗೆ ತಾಗಿಸಿ ನಿದ್ದೆ ಹೋಗಿದ್ದಳು.

ಬಿಸಿಲು ಗೋಡೆಯಿಂದ ನೆಲಕ್ಕೆ, ನೆಲದಿಂದ ಬಾಗಿಲಿಗೆ ಸರಿಯಿತು. ಮೊದಲು ಯಾರೋ ಕೆಮ್ಮಿದರು. ಆಮೇಲೆ ಒಬ್ಬೊಬ್ಬರಾಗಿ ಕಣ್ಣು ಬಿಟ್ಟು, ತಾವೆಲ್ಲಿದ್ದೇವೆ ಎಂದು ತಿಳಿಯದೆ, ತಿಳಿದ ಮೇಲೆ ನಾಚಿಕೊಂಡು ಎದ್ದು ಕೂತರು. ಮಗಳು ಶಾಲನ್ನು ನೋಡಿದಳು, ತಾಯಿಯನ್ನು ನೋಡಿದಳು.

ಮೆಲ್ಲಕ್ಕ ಮೈಕ್ ಹಾಕಲಿಲ್ಲ. ಅವತ್ತು ಅವಳು ತಮ್ಮನನ್ನು ಊಟಕ್ಕೆ ಕರೆಯುತ್ತಿದ್ದ ದನಿಯಲ್ಲಿ ಮಾತಾಡಿದಳು. ಎಲ್ಲರೂ ಬೆಚ್ಚಿಬಿದ್ದರು.

"ನಾನು ತಯಾರಿ ಮಾಡ್ಕೊಂಡು ಬಂದಿದ್ದು ಬೇರೆ. ಅದನ್ನ ಎರಡನೇದು ಮಾಡ್ತೀನಿ. ಮೊದಲನೇದು ಇದು: ಕಾಯೋರ ನಿದ್ದೆ. ರಾತ್ರಿ ಕಾಯೋರು ಹಗಲು ಎಷ್ಟು ಮಲಗ್ತಾರೆ, ಎಷ್ಟು ರಾತ್ರಿ ಸಾಲಾಗಿ ಕಾದ್ರೆ ಕೈ ತಪ್ಪತ್ತೆ, ಎಲ್ಲ ಆಸ್ಪತ್ರೆಗಳಲ್ಲೂ ನಾವೇ ಅಳೀಬೇಕು. ಅಳೆದದ್ದನ್ನ ಆಡಳಿತದೋರ ಮುಂದೆ ಇಡಬೇಕು. ಅಲ್ಲಿ ನಮ್ಮದೊಂದು ಕುರ್ಚಿ ಬೇಕು, ಗಂಟೆಯಮ್ಮೋರು ಹೇಳೋದು ಸರಿ. ಕುರ್ಚಿ ಸಿಕ್ಕಿದ ದಿನ ಅಲ್ಲಿ ಕೂತು ಹೇಳೋಕೆ ನಮ್ಮ ಕೈಲಿ ಇದು ಇರಲಿ. ಮತ್ತೆ ಇನ್ನು ಮುಂದೆ ಸಭೆ ಈ ಹೊತ್ತಲ್ಲಿ ಇಡಲ್ಲ."

ಹಾಗೆ ಹೇಳುವಾಗ ಅವಳು, ರೋಗಿಗಳ ನಿದ್ದೆಯೇ ಮೊದಲು ಎಂದು ಲಾರಿ ಡ್ರೈವರನಿಗೆ ಮನಸ್ಸಿನಲ್ಲೇ ಕೊಟ್ಟಿದ್ದ ಮಾತನ್ನು ಮುಂದಕ್ಕೆ ಹಾಕುತ್ತಿದ್ದಳು. ಸ್ವಲ್ಪ ತಾಳಪ್ಪ ಎಂದು ಅವನಿಗೆ ಹೇಳಿಕೊಂಡಳು.

ಕೈಗಳು ಎದ್ದವು. ನಿದ್ದೆಯಿಂದೆದ್ದ ಕೆಂಪು ಕಣ್ಣುಗಳ ಮೇಲೆ ಸಾಲು ಸಾಲಾಗಿ ಕೈಗಳು. ಗಂಟೆಯಮ್ಮ ಎರಡೂ ಕೈ ಎತ್ತಿದ್ದಳು. ಒಂದರಲ್ಲಿ ಗಂಟೆಯಿತ್ತು, ಅದು ತಾನಾಗಿಯೇ ಟಿಣ್ ಎಂದಿತು. ಎಲ್ಲರೂ ನಕ್ಕರು. ಮೆಲ್ಲಕ್ಕ ಮೂರನೆಯ ಸಾಲಿನ ತುದಿಯನ್ನು ನೋಡುತ್ತಿದ್ದಳು. ಮಗಳ ಕೈ ಶಾಲಿನೊಳಗೇ ಇತ್ತು. ಅವಳು ಎತ್ತಲಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕ ಜಾಗ ಸಿಕ್ಕಿತು. ಬೀದಿಯ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಮಗಳೇ ಕೇಳಿದಳು:

"ನಾನು ಮಲಗಿದ್ದಾಗ ನನ್ನ ಯಾಕೆ ಎಬ್ಬಿಸ್ಲಿಲ್ಲ? ನಿನ್ನ ಭಾಷಣ ಕೇಳೋಕೇ ಅಲ್ವಾ ಕರೆದಿದ್ದು?"

"ಎಬ್ಬಿಸಿ ಹೇಳೋವಂಥದ್ದು ನನ್ನ ಹತ್ರ ಏನೂ ಇರಲಿಲ್ಲ ಕಣೆ."

ಮಗಳು ಶಾಲಿನ ಅಂಚನ್ನು ಎಳೆದುಕೊಂಡಳು. "ಕೈ ಎತ್ತೋದು ಸುಲಭ ಅಮ್ಮ. ಎಷ್ಟೋ ಸಲ ಎತ್ತಿದೀನಿ. ಇನ್ನೊಂದು ವರ್ಷ ನೋಡ್ತೀನಿ. ನೀವು ಅಳೆಯೋಕೆ ಶುರು ಮಾಡಿದ್ರೆ ಮೊದಲು ನನ್ನೇ ಅಳೀರಿ. ಬರೀ ಮಾತಾದ್ರೆ ಹೋಗ್ತೀನಿ, ಆಗ ತಡೀಬೇಡ."

"ತಡೆಯಲ್ಲ," ಎಂದಳು ಮೆಲ್ಲಕ್ಕ.

"ಇವತ್ತು ಡ್ಯೂಟಿ ಇಲ್ಲ," ಎಂದಳು ಮಗಳು, ತನಗೆ ತಾನೇ ಹೇಳಿಕೊಂಡ ಹಾಗೆ. ಮತ್ತೆ ತಲೆಯನ್ನು ತಾಯಿಯ ಭುಜಕ್ಕಿಟ್ಟಳು. ಮುಂದಿನ ತಿರುವಿನಲ್ಲಿ ಅವಳ ಉಸಿರು ನಿಧಾನವಾಯಿತು. ಮೆಲ್ಲಕ್ಕ ಆ ಉಸಿರಿನ ಲೆಕ್ಕ ಹಿಡಿಯಲು ಹೋಗಲಿಲ್ಲ, ಸುಮ್ಮನೆ ಕೇಳಿಸಿಕೊಂಡಳು.

ಮನೆಯ ನಿಲ್ದಾಣ ಬಂತು. ದರ್ಜಿಯ ಜಗಲಿಯ ದೀಪ ಬಸ್ಸಿನಿಂದಲೇ ಕಾಣುತ್ತಿತ್ತು. ಕಂಡಕ್ಟರ್ ಗುರುತಿನವನು, ಹತ್ತಿರ ಬಂದು ಇಳಿಯಲ್ವಾ ಎಂದು ಕೇಳಲು ಬಾಯಿ ತೆರೆದ. ಮೆಲ್ಲಕ್ಕ ತುಟಿಯ ಮೇಲೆ ಬೆರಳಿಟ್ಟಳು. ಅವನು ಒಮ್ಮೆ ಮಗಳ ಮುಖ ನೋಡಿ, ಸೀಟಿ ಊದದೆ, ಕೈಯಿಂದ ಬಸ್ಸಿನ ತಗಡನ್ನು ಮೆಲ್ಲಗೆ ತಟ್ಟಿದ. ಬಸ್ಸು ಹೊರಟಿತು. ಮನೆಯ ದೀಪ ಹಿಂದೆ ಸರಿದು ಸಣ್ಣದಾಯಿತು. ಕೊನೆಯ ನಿಲ್ದಾಣ ಇನ್ನೂ ದೂರವಿತ್ತು, ಅಷ್ಟಾದರೂ ಇದೆಯಲ್ಲ ಎಂದುಕೊಂಡು ಮೆಲ್ಲಕ್ಕ ಅಲುಗಾಡದೆ ಕೂತಳು.